ಗೋಡೆಯ ಹೆಸರಿನ ದಾರಿ ಗೋಡೆಯಿಂದ ದೂರವೇಕೆ?

ಕಾಲೇಜಿಗೆ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಯನ್ನು ‘ನಿಮ್ಮ ಮನೆಯಿಂದ ಇಲ್ಲಿಗೆ ದಾರಿ ಏರೋ, ಇಳಿಜಾರೋ?’ ಎಂದು ಕೇಳಿದರೆ ಅವನು ಯೋಚಿಸಬೇಕಾಗುವುದು. ಬೈಸಿಕಲ್ಲಿನ ಮೇಲೆ ಬರುವವನು ಕೂಡಲೇ ಉತ್ತರ ಕೊಡುವನು. ಯಾವ ಸೇತುವೆಯ ಮುಂದೆ ಇಳಿದು ತಳ್ಳಬೇಕು, ಯಾವ ತೋಪಿನ ಬಳಿ ತುಳಿಯದೆಯೇ ಸಾಗಬಹುದು, ಯಾವ ತಿಂಗಳಿನಲ್ಲಿ ಎದುರುಗಾಳಿ ಬೀಸುವುದು, ಇವೆಲ್ಲವೂ ಅವನ ಕಾಲುಗಳಿಗೆ ಗೊತ್ತು. ನೆಲದ ಏರಿಳಿತಗಳನ್ನು ಅಳೆಯುವ ಉಪಕರಣಗಳಲ್ಲಿ ಬೈಸಿಕಲ್ಲೂ ಒಂದು ಎಂದರೆ ತಪ್ಪಾಗಲಾರದು. ಈ ಉಪಕರಣವನ್ನೇರಿ ನಾವು ಈಗ ದೂರದೇಶವೊಂದಕ್ಕೆ ಹೋಗಿ, ಅಲ್ಲಿಯ ಒಂದು ಚಿಕ್ಕ ಒಗಟನ್ನು ಬಿಡಿಸೋಣ.

ಇಂಗ್ಲೆಂಡಿನ ಉತ್ತರಭಾಗದಲ್ಲಿ, ರೋಮನ್ ಚಕ್ರವರ್ತಿ ಹೇಡ್ರಿಯನ್ನನ ಆಜ್ಞೆಯಂತೆ ಕ್ರಿ.ಶ. ೧೨೨ರಲ್ಲಿ ಕಟ್ಟತೊಡಗಿದ ಗಡಿಗೋಡೆಯೊಂದಿದೆ. ಪೂರ್ವದಲ್ಲಿ ಟೈನ್ ನದಿಯ ದಂಡೆಯಲ್ಲಿರುವ ವಾಲ್ಸೆಂಡ್ ಊರಿನಿಂದ ಪಶ್ಚಿಮದಲ್ಲಿ ಸಾಲ್ವೇ ಕೊಲ್ಲಿಯ ತೀರದ ಬೋನೆಸ್‌ವರೆಗೆ ಅದರ ಉದ್ದ ೭೩ ಮೈಲಿ, ಎಂದರೆ ಸುಮಾರು ೧೧೭ ಕಿಲೋಮೀಟರು. ಗೋಡೆ ಮುಗಿದ ಮೇಲೂ ಕಾವಲು ಮುಗಿಯುತ್ತಿರಲಿಲ್ಲ. ಕಡಲ ದಂಡೆಯುದ್ದಕ್ಕೂ ದಕ್ಷಿಣಕ್ಕೆ ಕೋಟೆಗಳ ಸಾಲು ಇತ್ತು. ೧೯೮೭ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಗೋಡೆಯನ್ನು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ೨೦೦೬ರಲ್ಲಿ ಈ ಅವಶೇಷಗಳನ್ನೆಲ್ಲ ಒಂದು ದಾರದಲ್ಲಿ ಪೋಣಿಸಿದಂತೆ ಒಂದು ಬೈಸಿಕಲ್ ದಾರಿ ಸಿದ್ಧವಾಯಿತು. ಬ್ರಿಟನ್ನಿನ ರಾಷ್ಟ್ರೀಯ ಸೈಕಲ್ ಮಾರ್ಗಗಳಲ್ಲಿ ಇದರ ಸಂಖ್ಯೆ ೭೨. ಹೆಸರು ಹೇಡ್ರಿಯನ್ ಸೈಕಲ್ ದಾರಿ. ಪಶ್ಚಿಮ ಕರಾವಳಿಯ ರೇವನ್‌ಗ್ಲಾಸ್ ಎಂಬ ಹಳ್ಳಿಯಲ್ಲಿ ಆರಂಭವಾಗಿ, ಕಡಲಂಚು, ಜೌಗುನೆಲ, ಹುಲ್ಲುಗಾವಲು, ನದೀಕಣಿವೆಗಳನ್ನು ಹಾದು, ಪೂರ್ವ ಕರಾವಳಿಯ ಸೌತ್ ಷೀಲ್ಡ್ಸ್ ಪಟ್ಟಣದಲ್ಲಿ ಅದು ಮುಗಿಯುವುದು. ಒಟ್ಟು ದೂರ ೧೭೪ ಮೈಲಿ, ಎಂದರೆ ಸುಮಾರು ೨೮೦ ಕಿಲೋಮೀಟರು.

ಒಗಟು ಇರುವುದು ಇಲ್ಲಿ. ಗೋಡೆಯ ಹೆಸರನ್ನು ಹೊತ್ತ ದಾರಿಯಲ್ಲವೆ ಇದು? ಎಡಗಡೆಗೆ ಉದ್ದಕ್ಕೂ ಗೋಡೆ ಕಾಣುತ್ತಿರಬೇಕೆಂದು ಹೊಸಬನು ನಿರೀಕ್ಷಿಸುವನು. ಆದರೆ ಎಷ್ಟೋ ದೂರ ಗೋಡೆ ಅವನ ಕಣ್ಣಿಗೇ ಬೀಳುವುದಿಲ್ಲ. ಗೋಡೆಯ ಅತ್ಯಂತ ಭವ್ಯವಾದ ಭಾಗವು ಬೆಟ್ಟದ ನೆತ್ತಿಯ ಮೇಲಿದೆ. ದಾರಿಯು ಅದರ ದಕ್ಷಿಣದ ತಗ್ಗಿನಲ್ಲಿ ಸಾಗುವುದು. ಇದು ದಾರಿ ಹಾಕಿದವರ ಅಲಕ್ಷ್ಯವೆ? ಅಲ್ಲವೆಂಬುದನ್ನು ಸರಳವಾದ ಮೂರು ಲೆಕ್ಕಗಳಿಂದ ತೋರಿಸಬಹುದು.

ಕಡಲ ದಂಡೆಯಲ್ಲಿ

ಮೊದಲು ಹೊರಟ ಜಾಗವನ್ನು ನೋಡೋಣ. ರೇವನ್‌ಗ್ಲಾಸಿನಲ್ಲಿ ರೋಮನ್ ಸೈನಿಕರ ಸ್ನಾನಗೃಹವೊಂದರ ಗೋಡೆಗಳು ಇಂದಿಗೂ ಸುಮಾರು ನಾಲ್ಕು ಮೀಟರು ಎತ್ತರಕ್ಕೆ ನಿಂತಿವೆ. ಬ್ರಿಟನ್ನಿನ ಉತ್ತರಭಾಗದಲ್ಲಿ ಇಷ್ಟು ಎತ್ತರಕ್ಕೆ ಉಳಿದಿರುವ ರೋಮನ್ ಕಟ್ಟಡಗಳು ವಿರಳ. ಅಲ್ಲಿಂದ ಉತ್ತರಕ್ಕೆ ಸಾಗಿದರೆ ಮೇರಿಪೋರ್ಟ್ ಪಟ್ಟಣ. ೧೮೭೦ರಲ್ಲಿ ಇಲ್ಲಿಯ ಕೋಟೆಯ ಬಳಿ ಗುಂಡಿಗಳಿಂದ ೧೭ ಕಲ್ಲಿನ ಬಲಿಪೀಠಗಳನ್ನು ಹೊರತೆಗೆದರು. ಸೈನಿಕರು ಭಕ್ತಿಯಿಂದ ಹೂಳಿದ್ದ ಪೀಠಗಳಿವು ಎಂದೇ ಬಹುಕಾಲ ನಂಬಲಾಗಿತ್ತು. ೨೦೧೧ರಿಂದ ನಡೆದ ಉತ್ಖನನದಿಂದ ಬೇರೆಯೇ ಕಥೆ ಹೊರಬಿತ್ತು. ಮುಂದಿನ ಕಾಲದವರು ದೊಡ್ಡ ಮರದ ಕಟ್ಟಡವೊಂದನ್ನು ಎಬ್ಬಿಸುವಾಗ, ಅದರ ಕಂಬಗಳು ಅಲುಗದಂತೆ ಈ ಹಳೆಯ ಪೀಠಗಳನ್ನೇ ಗುಂಡಿಗೆ ತುರುಕಿದ್ದರು! ಹಳೆಯದು ಹೊಸದಕ್ಕೆ ಬುನಾದಿಯ ಕಲ್ಲಾಗುವ ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಮತ್ತೊಮ್ಮೆ ಇದನ್ನು ಕಾಣುವೆವು.

ಮುಂದೆ ಸಾಲ್ವೇ ಕೊಲ್ಲಿಯ ಜೌಗುನೆಲ ಬರುವುದು. ಬೋನೆಸ್‌ನಿಂದ ಕಾರ್ಲೈಲ್ ಕಡೆಗೆ ಹೋಗುವ ರಸ್ತೆ ಇಲ್ಲಿ ಸಮುದ್ರಮಟ್ಟಕ್ಕಿಂತ ಎಷ್ಟೋ ಮೇಲಿಲ್ಲ. ಮಂಗಳೂರಿನ ಕಡಲಂಚಿನಲ್ಲಿ ಉಬ್ಬರವಿಳಿತಗಳ ಅಂತರ ಎರಡು ಮೀಟರಿಗಿಂತ ಕಡಿಮೆ. ಸಾಲ್ವೇ ಕೊಲ್ಲಿಯಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ಈ ಅಂತರ ಸುಮಾರು ಎಂಟು ಮೀಟರು! ಆಲಿಕೆಯಂತೆ ಒಳಕ್ಕೆ ಕಿರಿದಾಗುತ್ತ ಹೋಗುವ ಕೊಲ್ಲಿಗೆ ನುಗ್ಗಿದ ನೀರಿಗೆ ಪಕ್ಕಕ್ಕೆ ಹರಡಲು ಎಡೆಯಿಲ್ಲದೆ ಮೇಲಕ್ಕೇರಬೇಕಾಗುವುದು. ಅಂಥ ಹೊತ್ತಿನಲ್ಲಿ ರಸ್ತೆಯೇ ನೀರಿನಡಿ ಮುಳುಗುವುದುಂಟು. ಆದ್ದರಿಂದ ಇಲ್ಲಿ ಬೈಸಿಕಲ್ ಸವಾರನು ಭೂಪಟದೊಂದಿಗೆ ಉಬ್ಬರವಿಳಿತದ ವೇಳಾಪಟ್ಟಿಯನ್ನೂ ನೋಡಬೇಕು. ಚಂದ್ರನ ಆಕರ್ಷಣೆಯು ಪಾಠದ ಪುಸ್ತಕದಿಂದ ಎದ್ದು ಬಂದು ದಾರಿಯನ್ನೇ ಅಡ್ಡಗಟ್ಟುವ ಇಂಥ ಸ್ಥಳಗಳು ಹೆಚ್ಚಿಲ್ಲ.

ಗಾಳಿಯ ಲೆಕ್ಕ

ಈ ದಾರಿಯನ್ನು ಪಶ್ಚಿಮದಿಂದ ಪೂರ್ವಕ್ಕೆ ತುಳಿಯುವುದೇ ವಾಡಿಕೆ. ಕಾರಣವೇನು? ಒಬ್ಬ ಸವಾರ, ಅವನ ಬೈಸಿಕಲ್ಲು, ಎರಡೂ ಸೇರಿ ೮೦ ಕಿಲೋಗ್ರಾಂ ಎಂದುಕೊಳ್ಳೋಣ. ಸಮನೆಲದಲ್ಲಿ ಸೆಕೆಂಡಿಗೆ ೫ ಮೀಟರು, ಎಂದರೆ ಗಂಟೆಗೆ ೧೮ ಕಿಲೋಮೀಟರು ವೇಗದಲ್ಲಿ ಹೋಗುವಾಗ ಚಕ್ರಗಳ ಉರುಳುಘರ್ಷಣೆ ಸುಮಾರು ೫ ನ್ಯೂಟನ್, ಗಾಳಿಯ ತಡೆ ಸುಮಾರು ೯ ನ್ಯೂಟನ್, ಒಟ್ಟು ೧೪. ಬಲವನ್ನು ವೇಗದಿಂದ ಗುಣಿಸಿದರೆ ಬೇಕಾದ ಸಾಮರ್ಥ್ಯ ದೊರೆಯುವುದು: ೭೦ ವಾಟ್. ಆರೋಗ್ಯವಂತನಾದ ತರುಣನು ಇಷ್ಟನ್ನು ಗಂಟೆಗಟ್ಟಲೆ ಕೊಡಬಲ್ಲನು.

ಈಗ ಅಷ್ಟೇ ವೇಗದ ಗಾಳಿ ಬೆನ್ನ ಹಿಂದಿನಿಂದ ಬೀಸಲಿ. ಸವಾರನ ಮಟ್ಟಿಗೆ ಗಾಳಿಯೇ ನಿಂತಂತಾಗುವುದು. ಉಳಿಯುವುದು ಉರುಳುಘರ್ಷಣೆ ಮಾತ್ರ. ೨೫ ವಾಟ್ ಸಾಕು. ಅದೇ ಗಾಳಿ ಎದುರಿನಿಂದ ಬೀಸಿದರೆ? ಗಾಳಿಗೆ ಹೋಲಿಸಿದಾಗ ಸವಾರನ ವೇಗ ಇಮ್ಮಡಿಯಾಗುವುದು. ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾದುದರಿಂದ ನಾಲ್ಮಡಿಯಾಗಿ ೩೬ ನ್ಯೂಟನ್ ಆಗುವುದು. ಬೇಕಾದ ಸಾಮರ್ಥ್ಯ ೨೦೦ ವಾಟಿಗೂ ಮೇಲೆ. ಒಂದೇ ರಸ್ತೆ, ಒಂದೇ ಗಾಳಿ, ಒಂದೇ ವೇಗ. ದಿಕ್ಕು ಬದಲಾದ ಮಾತ್ರಕ್ಕೆ ಶ್ರಮ ಎಂಟು ಪಟ್ಟು! ಬ್ರಿಟನ್ನಿನಲ್ಲಿ ಬಹುತೇಕ ನೈಋತ್ಯದಿಂದ ಗಾಳಿ ಬೀಸುವುದು. ಮೊದಲು ಉತ್ತರಕ್ಕೆ, ಬಳಿಕ ಪೂರ್ವಕ್ಕೆ ಸಾಗುವ ಈ ದಾರಿಯಲ್ಲಿ ಅದು ಎರಡು ಕಡೆಯೂ ನೆರವಾಗುವುದು.

ಏರಿನ ಲೆಕ್ಕ

ಕಾರ್ಲೈಲನ್ನು ದಾಟಿ ಪೂರ್ವಕ್ಕೆ ಸಾಗಿದಂತೆ ನೆಲ ಏರತೊಡಗುವುದು. ಸುಮಾರು ೨೯.೫ ಕೋಟಿ ವರ್ಷಗಳ ಹಿಂದೆ, ಭೂಗರ್ಭದಿಂದ ಎದ್ದ ಕರಗಿದ ಶಿಲೆಯು ಹಳೆಯ ಪದರಗಳ ನಡುವೆ ಹಾಳೆಯಂತೆ ಹರಡಿ ಗಟ್ಟಿಯಾಯಿತು. ವಿನ್ ಸಿಲ್ ಎಂಬ ಈ ಕರಿಶಿಲೆ ಬಹು ಕಠಿನ. ಸುತ್ತಲಿನ ಮೆದುಶಿಲೆ ಸವೆದು ಹೋದ ಮೇಲೆ ಅದು ಉತ್ತರಕ್ಕೆ ಕಡಿದಾದ ಪ್ರಪಾತವಾಗಿಯೂ ದಕ್ಷಿಣಕ್ಕೆ ಇಳಿಜಾರಾಗಿಯೂ ನಿಂತಿದೆ. ಹೇಡ್ರಿಯನ್ನನ ಗೋಡೆ ಇದರ ಅಂಚಿನ ಮೇಲೆಯೇ ಸಾಗುವುದು. ಅದರ ಅತ್ಯುನ್ನತ ಸ್ಥಳ ಸಮುದ್ರಮಟ್ಟದಿಂದ ೩೪೫ ಮೀಟರು. ಉತ್ತರದಿಂದ ಬರುವವರನ್ನು ದೂರದಿಂದಲೇ ಕಾಣಬೇಕು, ಹತ್ತುವ ಕಷ್ಟ ಅವರ ಪಾಲಿಗಿರಬೇಕು ಎಂಬ ಉದ್ದೇಶಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಆದರೆ ನಮ್ಮ ಸವಾರನ ಗತಿಯೇನು? ೮೦ ಕಿಲೋಗ್ರಾಂ ಭಾರವನ್ನು ೧೦೦ ಮೀಟರು ಎತ್ತಲು ಸುಮಾರು ೭೮,೦೦೦ ಜೂಲ್ ಶಕ್ತಿ ಬೇಕು. ಸಮನೆಲದ ೧೪ ನ್ಯೂಟನ್ ತಡೆಯಿಂದ ಇದನ್ನು ಭಾಗಿಸಿ ನೋಡಿ: ೧೦೦ ಮೀಟರು ಏರುವುದೆಂದರೆ ಸಮನೆಲದಲ್ಲಿ ಐದೂವರೆ ಕಿಲೋಮೀಟರು ತುಳಿದಂತೆ. ಹತ್ತಕ್ಕೆ ಒಂದರಂತೆ ಏರುವ ದಿಣ್ಣೆಯಲ್ಲಿ ೭೦ ವಾಟ್ ಸಾಮರ್ಥ್ಯದಿಂದ ಗಂಟೆಗೆ ಮೂರು ಕಿಲೋಮೀಟರಷ್ಟೇ ಸಾಗಬಹುದು. ಅದಕ್ಕಿಂತ ಇಳಿದು ತಳ್ಳುವುದೇ ಲೇಸು. ಸಮನೆಲದಲ್ಲಿ ಹದವಾದ ವೇಗದಲ್ಲಿ ಹೋಗುವ ಬೈಸಿಕಲ್ ಸವಾರನಿಗೆ, ಅಷ್ಟೇ ದೂರವನ್ನು ನಡೆಯುವವನಿಗೆ ತಗಲುವ ಶಕ್ತಿಯ ಐದನೆಯ ಒಂದು ಪಾಲು ಸಾಕು. ಕಡಿದಾದ ಏರಿನಲ್ಲಿ ಈ ಲಾಭವೆಲ್ಲ ಮಾಯವಾಗುವುದು.

ಸ್ವಾರಸ್ಯವೆಂದರೆ, ಈ ಲೆಕ್ಕ ರೋಮನ್ನರಿಗೂ ಅನುಭವದಿಂದ ಗೊತ್ತಿತ್ತು. ಗೋಡೆಗೂ ಮುಂಚೆಯೇ ಅವರು ಕಾರ್ಲೈಲಿನಿಂದ ಕಾರ್ಬ್ರಿಜ್‌ವರೆಗೆ ಒಂದು ರಸ್ತೆ ಹಾಕಿದ್ದರು. ಸ್ಟೇನ್‌ಗೇಟ್ ಎಂದು ಇಂದು ಕರೆಯುವ ಆ ರಸ್ತೆ ಬೆಟ್ಟದ ನೆತ್ತಿಯನ್ನು ಬಿಟ್ಟು ತಗ್ಗಿನ ಹಾದಿಯನ್ನೇ ಹಿಡಿದಿದೆ. ಧಾನ್ಯ ಹೊತ್ತ ಬಂಡಿಗಳು ಸಾಗಬೇಕಾಗಿತ್ತಲ್ಲವೆ? ಹೀಗೆ ಒಂದೇ ಗಡಿಯಲ್ಲಿ ರೋಮನ್ನರಿಗೆ ಎರಡು ರೇಖೆಗಳಿದ್ದವು: ಕಾಯುವುದಕ್ಕೆ ಒಂದು, ಸಾಗುವುದಕ್ಕೆ ಇನ್ನೊಂದು. ಗೋಡೆಯ ಹೆಸರಿನ ಬೈಸಿಕಲ್ ದಾರಿ ಹಲವೆಡೆ ಹಿಡಿದಿರುವುದು ಎರಡನೆಯ ರೇಖೆಯನ್ನು. ನಮ್ಮ ಒಗಟಿನ ಅರ್ಧಭಾಗ ಇಲ್ಲಿ ಬಿಡಿಸಿತು.

ಆ ರೇಖೆಯ ಮೇಲೆಯೇ ವಿಂಡೋಲಾಂಡ ಎಂಬ ಕೋಟೆಯಿದೆ. ೧೯೭೩ರಲ್ಲಿ ರಾಬಿನ್ ಬರ್ಲಿ ಎಂಬ ಪುರಾತತ್ತ್ವಜ್ಞರು ಇಲ್ಲಿಯ ತೇವದ ಮಣ್ಣಿನಲ್ಲಿ ಅಂಚೆಕಾರ್ಡಿನ ಗಾತ್ರದ ತೆಳುವಾದ ಮರದ ಹಾಳೆಗಳನ್ನು ಕಂಡರು. ಅವು ಕ್ರಿ.ಶ. ೧೦೦ರ ಸುಮಾರಿನ ಕಾಗದಪತ್ರಗಳು. ಮುಂದೆ ಬೆಳಕಿಗೆ ಬಂದ ಹಾಳೆಗಳಲ್ಲಿ, ಸೇನಾಧಿಕಾರಿಯ ಪತ್ನಿಯೊಬ್ಬಳು ಗೆಳತಿಯನ್ನು ತನ್ನ ಹುಟ್ಟುಹಬ್ಬಕ್ಕೆ ಕರೆದ ಓಲೆಯೂ ಇದೆ. ಆಮ್ಲಜನಕ ಸುಳಿಯದ ಮಣ್ಣಿನಲ್ಲಿ ಮರವನ್ನು ಕೊಳೆಸುವ ಜೀವಿಗಳು ಬದುಕಲಾರವು. ಆದ್ದರಿಂದ ಹಾಳೆಗಳು ಉಳಿದವು. ಮಾಸಿದ ಮಸಿ ಇಂಗಾಲದ್ದಾದುದರಿಂದ ಅವಕೆಂಪು ಕಿರಣಗಳಲ್ಲಿ ತೆಗೆದ ಛಾಯಾಚಿತ್ರದಲ್ಲಿ ಅಕ್ಷರಗಳು ಕಪ್ಪಾಗಿ ಎದ್ದು ಕಾಣುವುವು. ಎಂದ ಮೇಲೆ, ಗೋಡೆಯ ಸುತ್ತಲಿನ ಮಣ್ಣು ಬರಿಯ ಮಣ್ಣಲ್ಲ; ಅದೊಂದು ಮುಚ್ಚಿಟ್ಟ ಗ್ರಂಥಾಲಯ.

ಒತ್ತಡದ ಲೆಕ್ಕ

ಒಗಟಿನ ಉಳಿದರ್ಧ ಈ ಮಣ್ಣಿನಲ್ಲಿದೆ. ಬೈಸಿಕಲ್ಲಿನ ಟೈರು ನೆಲವನ್ನು ಮುಟ್ಟುವ ಜಾಗ ಎಷ್ಟು? ಟೈರಿನ ಗಾಳಿಯೊತ್ತಡ ವಾಯುಮಂಡಲದ ಒತ್ತಡದ ನಾಲ್ಕರಷ್ಟಿದ್ದರೆ, ೮೦ ಕಿಲೋಗ್ರಾಂ ಭಾರವನ್ನು ಹೊರಲು ಎರಡು ಟೈರುಗಳಿಂದ ಒಟ್ಟು ೨೦ ಚದರ ಸೆಂಟಿಮೀಟರು ಸಾಕು. ಎಂದರೆ ಒಂದೊಂದು ಚಕ್ರದಡಿ ಒಂದು ದೊಡ್ಡ ಅಂಚೆಚೀಟಿಯಷ್ಟು ಜಾಗ! ನಡೆಯುವವನ ಒಂದು ಬೂಟಿನಡಿ ಇದಕ್ಕಿಂತ ಎಷ್ಟೋ ಹೆಚ್ಚು ಜಾಗವಿರುವುದರಿಂದ ಅವನ ಒತ್ತಡ ಇದರ ಹತ್ತನೆಯ ಒಂದು ಪಾಲು ಮಾತ್ರ. ಡಾಂಬರಿನ ಮೇಲೆ ಇದರಿಂದ ತೊಂದರೆಯಿಲ್ಲ. ಹಸಿಮಣ್ಣಿನಲ್ಲಾದರೋ ಟೈರು ಹೂತು ಗೀರು ಮೂಡುವುದು. ಗೀರಿನಲ್ಲಿ ಮಳೆನೀರು ಹರಿದು ಕಾಲುವೆಯಾಗುವುದು. ಅದರೊಡನೆ ಮಣ್ಣೂ ಮಣ್ಣೊಳಗಿನ ಇತಿಹಾಸವೂ ಕೊಚ್ಚಿಹೋಗುವುದು. ನಡೆಯುವವರಿಗೆಂದು ೨೦೦೩ರಲ್ಲಿ ಗೋಡೆಯ ಪಕ್ಕದಲ್ಲಿ ತೆರೆದ ಕಾಲುದಾರಿಯಲ್ಲಿಯೂ ಈ ಎಚ್ಚರಿಕೆಯುಂಟು. ದಾರಿಯುದ್ದಕ್ಕೂ ಯಾತ್ರಿಕರ ಪುಸ್ತಕಕ್ಕೆ ಮುದ್ರೆ ಒತ್ತುವ ವ್ಯವಸ್ಥೆಯನ್ನು ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಮಾತ್ರ ಇರಿಸಿ, ನೆಲ ತೊಯ್ದಿರುವ ಚಳಿಗಾಲದಲ್ಲಿ ಜನ ಬರುವುದನ್ನು ಕಡಿಮೆಮಾಡಿದ್ದಾರೆ.

ದಾರಿಯೊಂದು ಗೋಡೆಗೆ ತೀರ ಹತ್ತಿರ ಬಂದರೆ ಏನಾಗುವುದೆಂಬುದಕ್ಕೆ ಇತಿಹಾಸವೇ ಸಾಕ್ಷಿ. ೧೭೪೫ರ ದಂಗೆಯಲ್ಲಿ ನ್ಯೂಕಾಸಲ್‌ನಲ್ಲಿದ್ದ ಸೇನೆಗೆ ಸರಿಯಾದ ರಸ್ತೆಯಿಲ್ಲದೆ ಕಾರ್ಲೈಲನ್ನು ತಲಪಲಾಗಲಿಲ್ಲ. ಆರು ವರ್ಷಗಳ ಬಳಿಕ ಸೈನ್ಯದ ರಸ್ತೆ ಆರಂಭವಾಯಿತು. ಹಲವಾರು ಮೈಲಿಗಳವರೆಗೆ ಅದನ್ನು ಗೋಡೆಯನ್ನು ಕೆಡವಿ, ಅದೇ ಕಲ್ಲಿನ ಬುನಾದಿಯ ಮೇಲೆ ಹಾಸಿದರು. ಮೇರಿಪೋರ್ಟಿನ ಬಲಿಪೀಠಗಳಿಗೆ ಒದಗಿದ ಗತಿಯೇ ಗೋಡೆಗೂ ಒದಗಿತು. ಅದನ್ನು ಮಾಡಿದವರು ದುಷ್ಟರಲ್ಲ. ಅವರಿಗೆ ದಾರಿ ಬೇಕಾಗಿತ್ತು, ಕಲ್ಲು ಕೈಗೆಟಕುವಂತಿತ್ತು. ಹತ್ತಿರದ ದಾರಿ ಗೋಡೆಯನ್ನು ತಿಂದಿತು; ದೂರದ ದಾರಿ ಅದನ್ನು ಉಳಿಸುತ್ತಿದೆ.

ಕೊನೆಯ ಹಂತ

ಕಾರ್ಬ್ರಿಜ್ ದಾಟಿದ ಮೇಲೆ ಟೈನ್ ನದಿಯೇ ಜೊತೆಗಾರ. ವೈಲಮ್ ಎಂಬ ಹಳ್ಳಿಯ ಬಳಿ ದಾರಿಯು ಹಳೆಯ ಕಲ್ಲಿದ್ದಲ ಬಂಡಿಗಳ ಕಂಬಿಹಾದಿಯನ್ನು ಹಿಡಿದು, ೧೭೮೧ರಲ್ಲಿ ಜಾರ್ಜ್ ಸ್ಟೀಫನ್‌ಸನ್ ಹುಟ್ಟಿದ ಮನೆಯ ಮುಂದೆಯೇ ಹಾಯುವುದು. ವೈಲಮ್ಮಿನ ಗಣಿಯಲ್ಲಿದ್ದ ವಿಲಿಯಂ ಹೆಡ್ಲಿ ಎಂಬಾತನು ೧೮೧೩ರ ಸುಮಾರಿಗೆ, ನಯವಾದ ಕಂಬಿಯ ಮೇಲೆ ನಯವಾದ ಚಕ್ರವು ಜಾರದೆ ಭಾರ ಎಳೆಯಬಲ್ಲುದೆಂದು ಪ್ರಯೋಗಗಳಿಂದ ತೋರಿಸಿದನು. ಆದರೆ ಅಂಥ ಚಕ್ರ ಕಡಿದಾದ ಏರನ್ನು ಹತ್ತಲಾರದು. ಆದ್ದರಿಂದ ಕಂಬಿಹಾದಿಗಳನ್ನು ಆದಷ್ಟೂ ಮಟ್ಟಸವಾಗಿ ಹಾಕುವರು. ಉಗಿಬಂಡಿಗೆಂದು ಮಾಡಿದ ಆ ಮಟ್ಟಸವು ಇಂದು ಬೈಸಿಕಲ್ ಸವಾರನಿಗೆ ವರವಾಗಿದೆ. ಬಳಿಕ ನ್ಯೂಕಾಸಲ್, ಗೋಡೆಯ ಕೊನೆಯ ಕೋಟೆಯಿರುವ ವಾಲ್ಸೆಂಡ್, ಕಡೆಗೆ ಸೌತ್ ಷೀಲ್ಡ್ಸ್‌ನ ಅರ್ಬೆಯಾ ಕೋಟೆ. ಸಿರಿಯಾ ದೇಶದ ಪಾಲ್ಮೈರಾದಿಂದ ಬಂದ ಬರಾಟಿಸ್ ಎಂಬುವನು ತೀರಿಹೋದ ತನ್ನ ಪತ್ನಿ ರೆಜೈನಾಳಿಗಾಗಿ ನಿಲ್ಲಿಸಿದ ಕಲ್ಲು ಅಲ್ಲಿ ದೊರೆತಿದೆ. ಲ್ಯಾಟಿನ್ನಿನ ಕೆಳಗೆ ತನ್ನೂರಿನ ಲಿಪಿಯಲ್ಲಿಯೂ ಅವನು ದುಃಖವನ್ನು ಕೆತ್ತಿಸಿದ್ದಾನೆ. ಗೋಡೆ ನಾಡುಗಳನ್ನು ಬೇರ್ಪಡಿಸಿತ್ತು. ದಾರಿಗಳು ಅಷ್ಟು ದೂರದವರನ್ನು ಒಂದುಗೂಡಿಸಿದ್ದವು.

ಇಲ್ಲಿ ಹೇಳಿದ ಲೆಕ್ಕಗಳನ್ನು ಪರೀಕ್ಷಿಸಲು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ಗಾಳಿಯಿಲ್ಲದ ಮುಂಜಾನೆ, ವಾಹನಗಳಿಲ್ಲದ ಸಮನಾದ ರಸ್ತೆಯಲ್ಲಿ ಒಂದೇ ವೇಗಕ್ಕೆ ಬಂದು ತುಳಿಯುವುದನ್ನು ನಿಲ್ಲಿಸಿ. ಬೈಸಿಕಲ್ಲು ತಾನಾಗಿ ಎಷ್ಟು ದೂರ ಉರುಳುವುದೆಂದು ಅಳೆಯಿರಿ. ಟೈರಿನ ಗಾಳಿ ತುಸು ಇಳಿಸಿ ಮತ್ತೊಮ್ಮೆ, ಗಾಳಿ ಬೀಸುವ ದಿನ ಎರಡು ದಿಕ್ಕಿಗೂ ಒಂದೊಂದು ಸಲ ಅಳೆಯಿರಿ. ಮುಂದೆ ಎಂದಾದರೂ ಹಂಪೆಗೋ ಶ್ರೀರಂಗಪಟ್ಟಣಕ್ಕೋ ಬೈಸಿಕಲ್ಲಿನಲ್ಲಿ ಹೋದಾಗ, ಆ ಅಂಚೆಚೀಟಿಯಷ್ಟು ಜಾಗವನ್ನು ನೆನೆದು, ಬೈಸಿಕಲ್ಲನ್ನು ರಸ್ತೆಯ ಬದಿಯಲ್ಲಿ ನಿಲ್ಲಿಸಿ, ಹಳೆಯ ಕಲ್ಲುಗಳ ಬಳಿಗೆ ನಡೆದೇ ಹೋಗಿ.