ಸದ್ದಿನ ಮೂಲ ಹಿಡಿಯುವ ಮಿಸ್ತ್ರಿ

ಬೀದರ್ ಪಟ್ಟಣವು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದ್ದು, ಅಲ್ಲಿಂದ ಭಾಲ್ಕಿಯ ಕಡೆಗೆ ಇಳಿದಂತೆ ಕರಿಮಣ್ಣು ಹೆಚ್ಚುವುದರಿಂದ, ಈ ಭಾಗದ ಮೋಟಾರ್‌ಸೈಕಲ್ಲಿನ ಚೈನಿಗೆ ಬೇಸಿಗೆಯ ಧೂಳೂ ಮಳೆಗಾಲದ ಅಂಟುಕೆಸರೂ ತಪ್ಪಿದ್ದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಗಾಡಿಗಳಲ್ಲಿ ಚೈನು ಪೂರ್ಣ ಕವಚದೊಳಗೆ ಇರುತ್ತಿತ್ತು. ಅಂದಕ್ಕಾಗಿ ಆ ಕವಚವನ್ನು ಕೈಬಿಟ್ಟ ಇಂದಿನ ಅನೇಕ ಬೈಕುಗಳು ಹಳ್ಳಿ ರಸ್ತೆಯ ದೃಷ್ಟಿಯಿಂದ ಒಂದು ಹೆಜ್ಜೆ ಹಿಂದಕ್ಕೇ ಸರಿದಿವೆ ಎನ್ನಬೇಕು.

ಎಂಜಿನ್ನಿನ ಶಕ್ತಿ ಕ್ಲಚ್, ಗೇರ್‌ಬಾಕ್ಸ್, ಚೈನು ಮತ್ತು ಅದು ಸುತ್ತುವ ಹಲ್ಲುಗಾಲಿಗಳಾದ ಸ್ಪ್ರಾಕೆಟ್‌ಗಳ ಮೂಲಕ ಹಿಂದಿನ ಚಕ್ರವನ್ನು ಮುಟ್ಟುತ್ತದೆ. ಈ ಹಾದಿಯಲ್ಲಿ ಹುಟ್ಟುವ ಸದ್ದು ಗಾಡಿಯ ವೇಗವನ್ನು ಹಿಂಬಾಲಿಸುತ್ತದೆಯೋ ಎಂಜಿನ್ನಿನ ಸುತ್ತನ್ನು ಹಿಂಬಾಲಿಸುತ್ತದೆಯೋ ಎಂಬುದೇ ಪರೀಕ್ಷೆಯ ಮೊದಲ ಮೆಟ್ಟಿಲು. ಓಡುತ್ತಿರುವಾಗ ಕ್ಲಚ್ ಹಿಡಿದು ಗಾಡಿಯನ್ನು ಉರುಳಲು ಬಿಟ್ಟ ಮೇಲೂ ಸದ್ದು ಮುಂದುವರಿದರೆ ಚೈನು, ಸ್ಪ್ರಾಕೆಟ್, ಚಕ್ರದ ಬೇರಿಂಗ್ ಅಥವಾ ಬ್ರೇಕಿನ ಮೇಲೆ ಅನುಮಾನ ಬರುತ್ತದೆ. ನ್ಯೂಟ್ರಲ್‌ನಲ್ಲಿ ನಿಂತಾಗ ಕೇಳುವ ಕಟಕಟ ಕ್ಲಚ್ ಹಿಡಿದೊಡನೆ ನಿಂತರೆ ದೋಷ ಕ್ಲಚ್ಚಿನಲ್ಲೋ ಗೇರ್‌ಬಾಕ್ಸಿನ ಬೇರಿಂಗಿನಲ್ಲೋ ಇರಬಹುದು. ಆಕ್ಸಿಲರೇಟರ್ ಬಿಟ್ಟು ಮತ್ತೆ ಕೊಟ್ಟಾಗ ಹಿಂದಿನಿಂದ ‘ಧಡ್’ ಎಂದರೆ ಹಿಂದಿನ ಹಬ್ಬಿನೊಳಗಿದ್ದು ಎಳೆತದ ಪೆಟ್ಟನ್ನು ತಾಳಿಕೊಳ್ಳುವ ರಬ್ಬರ್ ತುಂಡುಗಳನ್ನು ನೋಡಬೇಕು. ಟೈಮಿಂಗ್ ಚೈನಿನ ಕಿರುಕಿರು ಎಂಜಿನ್ನಿನೊಳಗಿನದಾದರೂ, ಅದನ್ನು ಹೊರಗಿನ ಚೈನಿನ ಸದ್ದೆಂದು ತಿಳಿದು ಚೈನನ್ನು ಸುಮ್ಮನೆ ಬಿಗಿಸುವವರು ಕಡಿಮೆಯಿಲ್ಲ.

ಚೈನು ‘ಉದ್ದವಾಗುವುದು’ ಕಬ್ಬಿಣ ಹಿಗ್ಗುವುದರಿಂದಲ್ಲ, ಕೊಂಡಿಗಳ ಪಿನ್ನುಗಳು ಸವೆದು ಸಡಿಲಗೊಳ್ಳುವುದರಿಂದ. ಸಾಮಾನ್ಯವಾದ 428 ಅಳತೆಯ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ 12.7 ಮಿ.ಮೀ. ಅಂತರವಿದ್ದು, ಬಿಗಿಯಾಗಿ ಎಳೆದು ಹಿಡಿದ 20 ಕೊಂಡಿಗಳು 254 ಮಿ.ಮೀ. ಇರಬೇಕಾದಲ್ಲಿ 259 ಮುಟ್ಟಿದರೆ ಚೈನಿನ ಕಾಲ ಮುಗಿದಂತೆ. ಸವೆತ ಎಲ್ಲ ಕಡೆ ಸಮನಾಗಿರುವುದಿಲ್ಲವಾದ್ದರಿಂದ, ನಡುಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ನಿಧಾನವಾಗಿ ತಿರುಗಿಸಿದಾಗ ಚೈನು ಒಂದೆಡೆ ಬಿಗಿದು ಇನ್ನೊಂದೆಡೆ ಜೋಲುತ್ತದೆ. ಹೀಗಾದುದನ್ನು ಎಷ್ಟು ಬಿಗಿಸಿದರೂ ಸದ್ದು ಹೋಗದು. ಸುಟ್ಟ ಎಂಜಿನ್ ಆಯಿಲ್ ಹಚ್ಚುವುದು ಅಗ್ಗದ ಅಭ್ಯಾಸವಾದರೂ, ಅದರಲ್ಲಿರುವ ಲೋಹದ ಪುಡಿ ಚೈನಿಗೆ ಒಳ್ಳೆಯದಲ್ಲ. 90 ಗ್ರೇಡಿನ ಗೇರ್ ಆಯಿಲ್ ಲೇಸು.

ಷೋರೂಮಿನ ಹೊರಗೆ ಸ್ವಂತ ಗ್ಯಾರೇಜ್ ನಡೆಸುವವನನ್ನು ಈ ಭಾಗದಲ್ಲಿ ಮಿಸ್ತ್ರಿ ಎನ್ನುತ್ತಾರೆ. ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಗಿರಾಕಿ ಬಣ್ಣಿಸುವ ಸದ್ದನ್ನು ಕೇಳಿ, ಅದು ಯಾವ ಗೇರಿನಲ್ಲಿ, ಯಾವ ವೇಗದಲ್ಲಿ, ಹೊರೆ ಇದ್ದಾಗಲೋ ಇಲ್ಲದಾಗಲೋ ಎಂದು ವಿಚಾರಿಸಿ, ಸ್ವತಃ ಗಾಡಿ ಓಡಿಸಿ ನೋಡುವ ತನಕ ಪಾನಾ ಎತ್ತಿಕೊಳ್ಳದವನೇ ನಂಬಿಕೆಗೆ ತಕ್ಕವನು; ನೋಡದೆಯೇ ‘ಎಂಜಿನ್ ಬಿಚ್ಚಬೇಕು’ ಎನ್ನುವವನಿಂದ ದೂರವಿರುವುದು ಕ್ಷೇಮ. ಹಳೆಯ ಸ್ಪ್ರಾಕೆಟ್ಟಿಗೆ ಹೊಸ ಚೈನು ತೊಡಿಸಿದರೆ ಹೊಸದೂ ಬೇಗ ಹಾಳಾಗುತ್ತದೆಂದು ತಿಳಿಸಿ ಇಡೀ ಸೆಟ್ ಹಾಕುವುದು, ಚಕ್ರದ ಎರಡೂ ಬದಿಯ ಗುರುತುಗಳನ್ನು ಸರಿದೂಗಿಸುವುದು, ತೆಗೆದ ಭಾಗಗಳನ್ನು ಹೊಸದರ ಪೊಟ್ಟಣದೊಂದಿಗೆ ಕೈಗಿಡುವುದು ಅವನ ಕಸುಬಿನ ಗುರುತುಗಳು. ಕೆಲಸ ಮುಗಿದ ಮೇಲೆ ಗಿರಾಕಿಯೂ ಬಗ್ಗಿ ನೋಡಬಹುದಾದುದು ಚೈನಿನ ಎರಡು ತುದಿಗಳನ್ನು ಜೋಡಿಸುವ ಕ್ಲಿಪ್ಪಾದ ಚೈನ್ ಲಾಕ್: ಅದರ ಮುಚ್ಚಿದ ತುದಿ ಚೈನು ಚಲಿಸುವ ದಿಕ್ಕಿಗೇ ಇರಬೇಕು, ತಿರುಗುಮುರುಗಾಗಿದ್ದರೆ ಅದು ಓಡುವಾಗಲೇ ಕಳಚಿ ಬೀಳಬಹುದು.