ಮರದ ಪೊಟರೆಯಲ್ಲಿ ತತ್ತಿಯಿಡುವ ಬಾತು

ಬಾತು ಎಂದೊಡನೆ ನೀರು, ಕೆಸರು, ಜೊಂಡುಗಳು ಮನಸ್ಸಿಗೆ ಬರುವುದು ಸಹಜ. ಅದು ಮರವೇರಿ ಪೊಟರೆಯೊಳಗೆ ತತ್ತಿಯಿಡುತ್ತದೆಂದರೆ ನಂಬುವವರು ವಿರಳ. ಆದರೆ ಕರ್ನಾಟಕದ ಕೆರೆಗಳಲ್ಲಿ ನೆಲೆಸಿರುವ ಶಿಳ್ಳೆ ಬಾತು ಅಂಥದೇ ಹಕ್ಕಿ. ಮಲೆನಾಡಿನ ಸೆರಗು ಬಯಲುಸೀಮೆಗೆ ತಾಗುವ ರಟ್ಟೀಹಳ್ಳಿ, ಹಿರೇಕೆರೂರ, ಹಾನಗಲ್ಲ, ಶಿಗ್ಗಾಂವಿಗಳ ಈ ಕೆರೆಸೀಮೆ ಅದರ ಬಾಳುವೆಗೆ ಹೇಳಿ ಮಾಡಿಸಿದಂತಿದೆ.

ಶಾಸ್ತ್ರಜ್ಞರು ಇದಕ್ಕಿಟ್ಟ ಹೆಸರು ಡೆಂಡ್ರೋಸಿಗ್ನಾ ಜಾವಾನಿಕಾ. ಮೊದಲ ಪದದ ಅರ್ಥ ‘ಮರದ ಹಂಸ’; ಎರಡನೆಯದು ಜಾವಾ ದ್ವೀಪವನ್ನು ಸೂಚಿಸುತ್ತದೆ. 1821ರಲ್ಲಿ ಹಾರ್ಸ್‌ಫೀಲ್ಡ್ ಎಂಬ ವಿದ್ವಾಂಸನು ಇದನ್ನು ಮೊದಲು ವರ್ಣಿಸಿದನು. ಹೆಸರು ಜಾವಾದ್ದಾದರೂ ಹಕ್ಕಿಯ ನಾಡು ಬಹು ವಿಸ್ತಾರವಾದುದು. ಸಿಂಧೂ ಬಯಲಿನಿಂದ ಮೊದಲುಗೊಂಡು ಭಾರತ, ನೇಪಾಳದ ತಗ್ಗುನಾಡು, ಶ್ರೀಲಂಕಾ, ಬಾಂಗ್ಲಾದೇಶ, ಬರ್ಮಾ, ಥಾಯ್ಲೆಂಡ್‌ಗಳನ್ನು ಹಾಯ್ದು ಸುಮಾತ್ರಾ, ಬೋರ್ನಿಯೋಗಳವರೆಗೂ ಇದರ ಸಂತತಿ ಹಬ್ಬಿದೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಅತಿಥಿಗಳ ಸಾಲಿಗೆ ಇದು ಸೇರದು. ಬೇಸಿಗೆಯಲ್ಲಿ ಒಂದು ಕೆರೆ ಬತ್ತಿದರೆ ನೀರಿರುವ ಮತ್ತೊಂದಕ್ಕೆ ಹೋಗುವುದು, ಮಳೆ ಬಿದ್ದೊಡನೆ ಮರಳುವುದು. ದಕ್ಷಿಣದಲ್ಲಿ ಇದರ ವಲಸೆಯೆಂದರೆ ಬಹುಮಟ್ಟಿಗೆ ಇಷ್ಟೇ.

ಮನೆಯ ಬಾತಿಗಿಂತ ಇದು ಚಿಕ್ಕದು. ಉದ್ದ ಸುಮಾರು 40 ಸೆಂಟಿಮೀಟರ್, ತೂಕ ಅರ್ಧ ಕಿಲೋದ ಆಸುಪಾಸು. ಮೈ ಕಂದುಗೆಂಪು, ಕೊಕ್ಕು ಕಾಲುಗಳು ಬೂದುಗಪ್ಪು. ಗಂಡುಹೆಣ್ಣುಗಳಿಗೆ ನೋಟದಲ್ಲಿ ಭೇದವಿಲ್ಲ. ಹಗಲೆಲ್ಲ ನೀರಿನ ಮೇಲೆ ಗುಂಪುಗೂಡಿ ವಿಶ್ರಮಿಸಿ, ಕತ್ತಲಾಗುತ್ತಿದ್ದಂತೆ ಶಿಳ್ಳೆಯಂಥ ಇಬ್ಬಗೆಯ ಸ್ವರ ಹೊರಡಿಸುತ್ತ ಗದ್ದೆಗಳತ್ತ ಹಾರುತ್ತವೆ. ಜಲಸಸ್ಯಗಳು, ಹುಲ್ಲಿನ ಬೀಜ, ಬತ್ತದ ಕಾಳು, ಬಸವನಹುಳು, ಸಣ್ಣ ಮೀನು ಇವುಗಳ ಆಹಾರ. ಬತ್ತ ತಿನ್ನುವುದೆಂದು ರೈತನಿಗೆ ಕೋಪ ಬಂದರೆ ತಪ್ಪೇನಿಲ್ಲ. ಆದರೆ ಅದೇ ಗದ್ದೆಯ ಹುಳುಹುಪ್ಪಟೆಗಳನ್ನೂ ಇವು ಮುಗಿಸುತ್ತವೆಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಮುಂಗಾರು ಹಿಡಿದು ಕೆರೆಗಳು ತುಂಬುವ ಕಾಲವೇ ಇವುಗಳ ಮುಖ್ಯ ಸಂತಾನಕಾಲ. ಜೋಡಿ ಮೊದಲು ಹುಡುಕುವುದು ನೀರಿಗೆ ಸಮೀಪದ ಹಳೆಯ ಮರವನ್ನು. ಮಾವು, ಆಲ, ಹುಣಸೆಗಳ ಕೊಂಬೆ ಮುರಿದ ಜಾಗದಲ್ಲಿ ಮಳೆನೀರು ನಿಂತು, ಶಿಲೀಂಧ್ರ ಹಿಡಿದು, ತಿರುಳು ಕೊಳೆತು ಪೊಟರೆಯಾಗುತ್ತದೆ. ಬಾತಿಗೆ ಮರಕುಟಿಗನ ಕೊಕ್ಕಿಲ್ಲ, ತಾನೇ ಕೊರೆದುಕೊಳ್ಳಲಾರದು. ಆದ್ದರಿಂದ ಹತ್ತಾರು ವರ್ಷಗಳ ಮುಪ್ಪಿನಿಂದ ತಾನಾಗಿ ಒದಗಿದ ಪೊಟರೆಯೇ ಅದಕ್ಕೆ ಬೇಕು. ಅದು ಸಿಗದಿದ್ದಲ್ಲಿ ಕಾಗೆ, ಬಕಗಳು ಬಿಟ್ಟುಹೋದ ಗೂಡನ್ನು ಬಳಸುತ್ತದೆ. ಅದೂ ಇಲ್ಲವಾದರೆ ದಡದ ಜೊಂಡಿನ ನಡುವೆ ನೆಲದ ಮೇಲೆಯೇ ತತ್ತಿಯಿಡುತ್ತದೆ. ನೆಲದ ಗೂಡಿಗೆ ನಾಯಿ, ಮುಂಗುಸಿ, ಹಾವುಗಳ ಭಯ ಹೆಚ್ಚೆಂದು ಬೇರೆ ಹೇಳಬೇಕಾಗಿಲ್ಲ.

ಸಾಮಾನ್ಯವಾಗಿ 7ರಿಂದ 12 ಬಿಳಿಯ ತತ್ತಿಗಳು. ಬಹುತೇಕ ಬಾತುಗಳಲ್ಲಿ ಗಂಡು ತನ್ನ ಹೊಣೆಯನ್ನು ಬೇಗನೆ ಕಳೆದುಕೊಂಡು ದೂರ ಸರಿಯುತ್ತದೆ, ಹೆಣ್ಣೊಂದೇ ಕಾವು ಕೂರಬೇಕು. ಶಿಳ್ಳೆ ಬಾತುಗಳಲ್ಲಿ ಹಾಗಲ್ಲ; ಗಂಡೂ ಸರದಿಯಂತೆ ಕಾವು ಕೊಡುತ್ತದೆ, ಮರಿಗಳ ಪಾಲನೆಯಲ್ಲೂ ಜೊತೆಗಿರುತ್ತದೆ. ಸುಮಾರು ಮೂರು ವಾರ ಕಳೆದ ಮೇಲೆ ಕಪ್ಪುಬಿಳಿ ಗೆರೆಗಳ ಮರಿಗಳು ಹೊರಬರುತ್ತವೆ. ರೆಕ್ಕೆ ಬಲಿಯದ ಆ ಕೂಸುಗಳು ನೀರು ಮುಟ್ಟುವ ಬಗೆ ವಿಸ್ಮಯಕರ. ಪೊಟರೆಯ ಬಾಯಿಗೆ ಬಂದು, ತಂದೆತಾಯಿಗಳ ಕರೆಗೆ ಓಗೊಟ್ಟು, ಒಂದೊಂದಾಗಿ ಕೆಳಕ್ಕೆ ದುಮುಕುತ್ತವೆ. ಹಗುರಾದ ಮೈಗೆ ಪೆಟ್ಟಾಗುವುದು ಅಪರೂಪ. ಪೋಷಕರು ಮರಿಗಳನ್ನು ಬೆನ್ನ ಮೇಲೆ ಹೊತ್ತೊಯ್ಯುವುದನ್ನು ಕಂಡವರೂ ಉಂಟು.

ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಮಂಗೋಲಿಯ, ಟಿಬೆಟ್ಟುಗಳ ಕಡೆಯಿಂದ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನು ನೋಡಲು ಜನ ದೂರದಿಂದ ಹೋಗುತ್ತಾರೆ. 2024ರಲ್ಲಿ ಆ ಕೆರೆಗೆ ರಾಮ್‌ಸಾರ್ ಮಾನ್ಯತೆಯೂ ದೊರೆಯಿತು. ಸಂತೋಷದ ಸಂಗತಿಯೇ. ಆದರೆ ಹೆಬ್ಬಾತಿನ ತೊಟ್ಟಿಲು ಇರುವುದು ಪರದೇಶದಲ್ಲಿ. ಇಲ್ಲಿ ಅದಕ್ಕೆ ಬೇಕಾದುದು ಚಳಿಗಾಲದ ನೀರು, ಮೇವು. ಶಿಳ್ಳೆ ಬಾತಿನ ತೊಟ್ಟಿಲು ಇರುವುದು ಇಲ್ಲಿಯ ಕೆರೆಯೇರಿಯ ಮೇಲೆ. ಕುಮುದ್ವತಿಗೆ ಅಡ್ಡಲಾಗಿ ಕಟ್ಟಿದ ಮದಗ–ಮಾಸೂರಿನ ಕೆರೆಯಿಂದ ಹಿಡಿದು ಊರೂರ ಚಿಕ್ಕ ಕಟ್ಟೆಗಳವರೆಗೆ, ನೀರಾವರಿಗೆಂದೇ ಹಿರಿಯರು ಮಾಡಿದ ನೆಲೆಗಳು ಅವರಿಗರಿಯದಂತೆ ಈ ಹಕ್ಕಿಗೂ ಒದಗಿದವು.

ಈಚಿನ ದಶಕಗಳಲ್ಲಿ ಕೆರೆಗಳ ಹೂಳೆತ್ತುವ ಕಾರ್ಯ ಅಲ್ಲಲ್ಲಿ ನಡೆದಿದೆ. ಬೇಸಿಗೆಯಲ್ಲಿ ಹೂಳು ತೆಗೆದರೆ ಗೂಡಿಗೆ ಬಾಧೆಯಿಲ್ಲ. ಮಳೆಗಾಲದಲ್ಲಿ ನೀರು ಹೆಚ್ಚು ನಿಂತು ಹಕ್ಕಿಗೆ ಅನುಕೂಲವೇ ಆಗುತ್ತದೆ. ಹಾನಿಯಾಗುವುದು ಕೆರೆಯನ್ನು ‘ಅಂದ’ಗೊಳಿಸುವಾಗ. ಜೊಂಡನ್ನೆಲ್ಲ ಕಿತ್ತು ದಡಕ್ಕೆ ಕಲ್ಲು ಹಾಸುವುದು, ಪೊಳ್ಳಾಯಿತೆಂದು ಹಳೆಯ ಮಾವನ್ನು ಕಡಿದು ಅದರ ಜಾಗದಲ್ಲಿ ಸಾಲು ಸಸಿ ನೆಡುವುದು ರೂಢಿಯಾಗಿದೆ. ಸಸಿ ನೆಡುವುದು ಸತ್ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಸಸಿಯಲ್ಲಿ ಬಾತು ಹೊಗುವಷ್ಟು ಪೊಟರೆ ಮೂಡಬೇಕಾದರೆ, ಅದನ್ನು ನೆಟ್ಟ ವಿದ್ಯಾರ್ಥಿ ಅಜ್ಜನಾಗಿರುತ್ತಾನೆ. ಪೊಳ್ಳು ಮರ ದಾರಿಹೋಕರ ಮೇಲೆ ಬೀಳುವ ಭಯವಿಲ್ಲದ ಕಡೆ ಅದನ್ನು ನಿಲ್ಲಗೊಟ್ಟು, ಕೆರೆಯ ಒಂದು ಮೂಲೆಯ ಜೊಂಡನ್ನು ಹಾಗೆಯೇ ಉಳಿಸುವುದಕ್ಕೆ ಯಾವ ವೆಚ್ಚವೂ ತಗಲದು.