ಉಂಡುದನ್ನು ಕಕ್ಕಿದ ಹಾವಿನ ಆರೈಕೆ

ಹಾವನ್ನು ಮನೆಯೊಳಗೆ ಸಾಕುವರೆಂದರೆ ನಮ್ಮಲ್ಲಿ ಕೆಲವರು ನಗುವರು. ಕೆಲವರು ಕೈಮುಗಿದು ದೂರ ಸರಿಯುವರು. ನಾಗರಪಂಚಮಿಯ ದಿನ ಹುತ್ತಕ್ಕೆ ತನಿಯೆರೆದು ಬಂದರೆ ಸರ್ಪಕುಲದೊಡನೆ ನಮ್ಮ ವ್ಯವಹಾರವು ಮುಗಿಯಿತೆಂದು ತಿಳಿದವರಲ್ಲಿ ನಾನೂ ಒಬ್ಬನಾಗಿದ್ದೆನು. ಆದರೆ ಕಳೆದ ಚಳಿಗಾಲದಲ್ಲಿ ಅಮೆರಿಕದ ಮಿಷಿಗನ್ ಪ್ರಾಂತದಲ್ಲಿರುವ ನನ್ನ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದು ಬಂದ ಮೇಲೆ, ಒಂದು ಹಾವಿನ ಅಜೀರ್ಣದ ವಿಷಯವಾಗಿ ನಾಲ್ಕು ಮಾತು ಬರೆಯುವಷ್ಟು ಅನುಭವವು, ಬೇಡವೆಂದರೂ, ನನಗೆ ಒದಗಿತು.

ಮೊದಲೇ ಒಂದು ಮಾತನ್ನು ಹೇಳಿಬಿಡುವೆನು. ನಾಗರ, ಕೇರೆ, ಹೆಬ್ಬಾವು ಮೊದಲಾದ ನಮ್ಮ ನಾಡಿನ ಹಾವುಗಳನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವು. ಈ ಲೇಖನವನ್ನೋದಿ ಯಾರೂ ಬೇಲಿಯ ಕೇರೆಹಾವಿಗೆ ಕೈಹಾಕಬಾರದು. ಇದು ಪರದೇಶದಲ್ಲಿ, ಅಲ್ಲಿಯ ಕಾನೂನಿಗೆ ಒಳಪಟ್ಟು, ನಮ್ಮವರ ಮಕ್ಕಳೇ ಈಗ ಅಲ್ಲಲ್ಲಿ ಸಾಕುತ್ತಿರುವ ಒಂದು ಜಾತಿಯ ಹಾವಿನ ಕಥೆ.

ನನ್ನ ಮೊಮ್ಮಗನು ಹನ್ನೆರಡು ವರ್ಷದ ಹುಡುಗ. ಅವನು ಸಾಕಿರುವ ಹಾವನ್ನು ಅಲ್ಲಿನವರು ‘ಕಾರ್ನ್ ಸ್ನೇಕ್’ ಎನ್ನುವರು. ನಾವು ಜೋಳದ ಹಾವೆನ್ನಬಹುದು. ಫ್ಲಾರಿಡಾ, ಕೆರೊಲಿನಾ ಮುಂತಾದ ಆಗ್ನೇಯ ಪ್ರಾಂತಗಳು ಅದರ ತವರು. ವಿಷವಿಲ್ಲ, ಇಲಿಯನ್ನು ಸುತ್ತಿ ಬಿಗಿದು ಕೊಂದು ನುಂಗುವುದು. ಮುಸುಕಿನ ಜೋಳದ ಕಣಜಗಳ ಬಳಿ ಇಲಿಗಾಗಿ ಸುಳಿಯುತ್ತಿದ್ದುದರಿಂದ ಈ ಹೆಸರು ಬಂದಿತೆಂದು ಕೆಲವರೂ, ಹೊಟ್ಟೆಯ ಮೇಲಣ ಕಪ್ಪು ಬಿಳುಪಿನ ಚೌಕಗಳು ಜೋಳದ ತೆನೆಯನ್ನು ಹೋಲುವುದರಿಂದ ಬಂದಿತೆಂದು ಕೆಲವರೂ ಹೇಳುವರು. ಲಿನೇಯಸ್ ಪಂಡಿತನು 1766ರಲ್ಲಿಯೇ ಇದನ್ನು ವರ್ಣಿಸಿ ಶಾಸ್ತ್ರೀಯ ನಾಮವನ್ನು ಕೊಟ್ಟಿದ್ದನು. ಬೆಳೆದಾಗ 3ರಿಂದ 5 ಅಡಿಯಷ್ಟಾಗುವುದು. ಚೆನ್ನಾಗಿ ನೋಡಿಕೊಂಡರೆ 15-20 ವರ್ಷ ಬದುಕುವುದು. ನಮ್ಮ ಹುಡುಗನದು ಇನ್ನೂ ಒಂದು ವರ್ಷದ ಮರಿ, ಕಿರುಬೆರಳಿನ ದಪ್ಪ, ಕಿತ್ತಳೆಯ ಬಣ್ಣ. ನನ್ನ ಮನೆಯಾಕೆಯು ಅದಕ್ಕೆ ಜೋಳಪ್ಪನೆಂದು ನಾಮಕರಣ ಮಾಡಿದಳು. ಅದರ ಆಹಾರವಾದ ಹಿಮಗಟ್ಟಿಸಿದ ಇಲಿಗಳನ್ನು, ಸಸ್ಯಾಹಾರಿಗಳ ಮನೆಯಾದುದರಿಂದ, ಮೋಟಾರು ನಿಲ್ಲಿಸುವ ಕೊಠಡಿಯಲ್ಲಿ ಬೇರೊಂದು ಶೀತಪೆಟ್ಟಿಗೆಯಲ್ಲಿಟ್ಟಿದ್ದರು. ಮೂರು ತಿಂಗಳೂ ಆಕೆ ಆ ಕಡೆಗೆ ಕಾಲಿಡಲಿಲ್ಲ.

ಸಂಕ್ರಾಂತಿಯ ನೆವದಿಂದ ಒಂದು ಭಾನುವಾರ ಸುತ್ತಲಿನ ಕನ್ನಡ ಕುಟುಂಬಗಳು ಎಳ್ಳು ಬೆಲ್ಲ ತೆಗೆದುಕೊಂಡು ನಮ್ಮಲ್ಲಿಗೆ ಬಂದವು. ಮಕ್ಕಳೆಲ್ಲ ಹಾವನ್ನು ತೋರಿಸೆಂದು ಗಲಾಟೆಮಾಡಿದರು. ಹುಡುಗನು ಹಿಂಜರಿದು, “ತಾತ, ನಿನ್ನೆ ರಾತ್ರಿ ತಾನೆ ಊಟ ಹಾಕಿದೀನಿ. ಎರಡು ದಿವಸ ಮುಟ್ಟಬಾರದು” ಎಂದನು. “ಒಂದು ನಿಮಿಷ ತೋರಿಸಿ ಇಟ್ಟುಬಿಡು ಕಣೋ, ಅದಕ್ಕೇನಾಗುತ್ತೆ?” ಎಂದವನು ನಾನೇ. ಒಂದು ನಿಮಿಷವು ಅರ್ಧ ಗಂಟೆಯಾಗಿ, ಜೋಳಪ್ಪನು ಹತ್ತು ಕೈ ದಾಟಿ ಪೆಟ್ಟಿಗೆಗೆ ಮರಳಿದನು.

ಸೋಮವಾರ ಬೆಳಿಗ್ಗೆ ಪೆಟ್ಟಿಗೆಯ ಮೂಲೆಯಲ್ಲಿ ಇಲಿಯು ಹೆಚ್ಚುಕಡಮೆ ಇಡಿಯಾಗಿಯೇ ಹೊರಬಿದ್ದಿತ್ತು. ದುರ್ಗಂಧವು ಹಜಾರದವರೆಗೂ ಹಬ್ಬಿತ್ತು. ಹುಡುಗನು ಅತ್ತುಕೊಂಡೇ ಶಾಲೆಗೆ ಹೋದನು. ಹೊಟ್ಟೆ ಖಾಲಿಯಾದ ಪ್ರಾಣಿಗೆ ಬೇಗ ಏನಾದರೂ ಕೊಡಬೇಕೆಂಬುದು ನಮ್ಮ ಮನೆಗಳ ಧರ್ಮವಷ್ಟೆ. “ಪಾಪ, ಹಸಿದಿರುತ್ತೆ” ಎಂದು ಅಜ್ಜಿಯೂ, “ಇನ್ನೊಂದು ಹಾಕಿ ನೋಡೋಣ” ಎಂದು ನಾನೂ ಹೇಳಿ ಹೇಳಿ, ಬುಧವಾರ ರಾತ್ರಿ ಅಷ್ಟೇ ಗಾತ್ರದ ಮತ್ತೊಂದು ಇಲಿಯನ್ನು ಹಾಕಿಸಿದೆವು. ಹಾವು ಆಸೆಯಿಂದಲೇ ನುಂಗಿತು. ಇಲ್ಲಿಯೇ ಮೋಸಹೋಗುವುದು! ಜಠರವು ಸಿದ್ಧವಿಲ್ಲದಿದ್ದರೂ ಹಾವು ಎದುರಿಗೆ ಬಂದ ತುತ್ತನ್ನು ಬಿಡುವುದಿಲ್ಲ. ಅದು ತಿಂದಿತೆಂಬುದು ಅದು ಗುಣವಾಯಿತೆಂಬುದಕ್ಕೆ ಸಾಕ್ಷಿಯಲ್ಲ. ಶುಕ್ರವಾರ ಅದೂ ಹೊರಬಂದಿತು, ಈ ಸಲ ಅರ್ಧ ಕೊಳೆತ ಸ್ಥಿತಿಯಲ್ಲಿ. ಹುಡುಗನು ತೂಕದ ಲೆಕ್ಕವಿಡುತ್ತಿದ್ದನು. ಸಂಕ್ರಾಂತಿಗೆ ಮುಂಚೆ 94 ಗ್ರಾಂ ಇದ್ದುದು ಅಂದು 82ಕ್ಕೆ ಇಳಿದಿತ್ತು. ಬೆನ್ನೆಲುಬಿನ ಗೆರೆಯು ಚರ್ಮದ ಕೆಳಗೆ ಕಾಣಿಸತೊಡಗಿತು.

ಮರುದಿನ ಸರೀಸೃಪಗಳ ಚಿಕಿತ್ಸೆಯನ್ನು ಬಲ್ಲ ಪಶುವೈದ್ಯರೊಬ್ಬರ ಬಳಿಗೆ ಹೋದೆವು. ಅವರು ಹಾವನ್ನು ನೋಡುವುದಕ್ಕೆ ಮುಂಚೆ ಕೇಳಿದ ಪ್ರಶ್ನೆ, ಪೆಟ್ಟಿಗೆಯ ಬೆಚ್ಚಗಿನ ಭಾಗದ ಉಷ್ಣತೆ ಎಷ್ಟೆಂಬುದು. ಅಳಿಯನು ಮನೆಯಲ್ಲಿದ್ದನು; ಫೋನಿನಲ್ಲಿ ಕೇಳಿ ಅಳೆಯಿಸಿದಾಗ ಫ್ಯಾರನ್‌ಹೀಟ್ 71 ಡಿಗ್ರಿ, ಎಂದರೆ ಸೆಂಟಿಗ್ರೇಡಿನಲ್ಲಿ ಸುಮಾರು 22 ಎಂದು ತಿಳಿಯಿತು. ಅಲ್ಲಿ 85 ಡಿಗ್ರಿ, ಎಂದರೆ 29ಕ್ಕೆ ಕಡಮೆಯಾಗದಂತೆ ಇರಬೇಕಾಗಿತ್ತು. ಪೆಟ್ಟಿಗೆಯ ಸ್ಥಳವನ್ನು ಈಚೆಗೆ ಬದಲಾಯಿಸಿದಿರಾ ಎಂದು ವೈದ್ಯರು ಕೇಳಿದರು. ನನ್ನ ಮಗಳು ನನ್ನ ಮುಖವನ್ನು ನೋಡಿ ಸುಮ್ಮನಾದಳು. ಬದಲಾಯಿಸಿದ್ದು ನಿಜ, ಡಿಸೆಂಬರಿನಲ್ಲಿ ನಾವು ಮುದುಕರಿಬ್ಬರಿಗೆ ಹುಡುಗನ ಕೊಠಡಿಯನ್ನು ಬಿಟ್ಟುಕೊಟ್ಟು, ಹಾವಿನ ಪೆಟ್ಟಿಗೆಯನ್ನು ಹೊರಬಾಗಿಲ ಬಳಿಯ ಓಣಿಯಲ್ಲಿಟ್ಟಿದ್ದರು. ಕೆಳಗಿನ ಕಾವಿನ ಹಾಸು ಮೊದಮೊದಲು ಹೇಗೋ ಸಾಲುತ್ತಿತ್ತು. ಸಂಕ್ರಾಂತಿಯ ವಾರದ ಹಿಮಗಾಳಿಗೆ, ಬಾಗಿಲು ತೆರೆದು ಮುಚ್ಚುತ್ತಿದ್ದ ನೆಂಟರ ಸಂಭ್ರಮಕ್ಕೆ, ಅದು ಸೋತಿತು.

ಉಷ್ಣತೆಗೂ ವಾಂತಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಮ್ಮ ಶರೀರವು ತನ್ನ ಕಾವನ್ನು ತಾನೇ ಹುಟ್ಟಿಸಿಕೊಳ್ಳುವುದು; ಹಾವು ಅದನ್ನು ಹೊರಗಿನಿಂದ ಪಡೆಯಬೇಕು. ಜಠರದ ರಸಗಳು ಕೆಲಸಮಾಡಬೇಕಾದರೆ ಆ ಕಾವು ಬೇಕು. ಕಾವಿಲ್ಲದಿದ್ದರೆ ಇಡಿಯಾಗಿ ನುಂಗಿದ ಪ್ರಾಣಿಯು ಜೀರ್ಣವಾಗುವುದಕ್ಕೆ ಬದಲಾಗಿ ಒಳಗೇ ಕೊಳೆಯತೊಡಗುವುದು. ಆಗ ಅದನ್ನು ಹೊರಹಾಕದೆ ಹಾವಿಗೆ ಬೇರೆ ದಾರಿಯಿಲ್ಲ. ಹಾವಿಗೆ ಒಂದು ಊಟವೆಂಬುದು ಎಷ್ಟು ದೊಡ್ಡ ಕಾರ್ಯವೆಂಬುದನ್ನು ಸೀಕರ್ ಮತ್ತು ಡೈಮಂಡ್ ಎಂಬ ಅಮೆರಿಕದ ವಿಜ್ಞಾನಿಗಳು ಬರ್ಮಾ ದೇಶದ ಹೆಬ್ಬಾವಿನಲ್ಲಿ 1990ರ ದಶಕದಲ್ಲಿ ಪರೀಕ್ಷಿಸಿ ತೋರಿಸಿದರು. ಉಪವಾಸದಲ್ಲಿ ಬಹುಮಟ್ಟಿಗೆ ಮಲಗಿದ್ದ ಅಂಗಗಳು ತುತ್ತು ಒಳಗಿಳಿದೊಡನೆ ಎಚ್ಚರಗೊಳ್ಳುವುವು. ಕರುಳು ಒಂದೆರಡು ದಿನಗಳಲ್ಲಿ ಇಮ್ಮಡಿಯಷ್ಟು ತೂಗುವುದು. ಜಠರದಲ್ಲಿ ತೀಕ್ಷ್ಣವಾದ ಆಮ್ಲವು ಊರುವುದು. ಜೋಳದ ಹಾವಿನಂತೆ ಮೇಲಿಂದ ಮೇಲೆ ತಿನ್ನುವ ಜಾತಿಗಳಲ್ಲಿ ಈ ಏರಿಳಿತವು ಅಷ್ಟು ಪ್ರಬಲವಲ್ಲವಾದರೂ, ಉಂಡುದು ಹಿಂದಿರುಗಿ ಬಂದಾಗ ಆ ಆಮ್ಲವೂ ನೀರೂ ಲವಣಗಳೂ ಅದರೊಡನೆ ಹೊರಟುಹೋಗುವುವು. ಬರುವ ದಾರಿಯಲ್ಲಿ ಅನ್ನನಾಳವು ಬೆಂದಂತಾಗುವುದು. ಆ ಹುಣ್ಣಿನ ಮೇಲೆ ನಾವು ಎರಡನೆಯ ಇಲಿಯನ್ನು ಇಳಿಸಿದ್ದೆವು.

ವೈದ್ಯರು ಔಷಧವನ್ನು ಬರೆದುಕೊಡಲಿಲ್ಲ, ಉಪವಾಸವನ್ನು ಬರೆದುಕೊಟ್ಟರು. ಒಂದೇ ಸಲ ಕಕ್ಕಿದ್ದರೆ ಹತ್ತು ದಿನಗಳಿಂದ ಎರಡು ವಾರ ಬಿಡುವುದು ರೂಢಿಯಂತೆ. ಎರಡು ಸಲ ಆದುದರಿಂದ ಪೂರಾ ಎರಡು ವಾರ, ಒಂದು ದಿನವೂ ಕಡಮೆಯಾಗದಂತೆ, ನೀರಲ್ಲದೆ ಬೇರೇನನ್ನೂ ಕೊಡಕೂಡದೆಂದರು. ಬಾಯಿ ಬಿಡಿಸಿ ಬಲವಂತವಾಗಿ ತಿನ್ನಿಸುವ ಯೋಚನೆಯನ್ನಂತೂ ಮಾಡಲೇಬಾರದು. ಇಷ್ಟು ಸಣ್ಣ ಪ್ರಾಣಿ ಎರಡು ವಾರ ಬದುಕುವುದೇ ಎಂದು ಮಗಳು ಕೇಳಿದಳು. “ಉಪವಾಸದಿಂದ ಅದು ಸಾಯುವುದಿಲ್ಲ, ಮೂರನೆಯ ಸಲ ಕಕ್ಕಿದರೆ ಸಾಯಬಹುದು” ಎಂದರು. ಕರುಳಿಗೆ ಹಿತಕಾರಿಯಾದ ಸೂಕ್ಷ್ಮಜೀವಿಗಳ ಪುಡಿಯೆಂದು ಅಂಗಡಿಗಳಲ್ಲಿ ಮಾರುವುದನ್ನು ಕುರಿತು ಹುಡುಗನು ವಿಚಾರಿಸಿದನು. ಕೊಟ್ಟರೆ ಕೊಡಿ, ಕಾಯುವುದಕ್ಕೆ ಬದಲಾಗಿ ಮಾತ್ರ ಕೊಡಬೇಡಿ ಎಂದು ನಕ್ಕರು.

ಆದರೆ ಎಲ್ಲ ವಾಂತಿಗೂ ಚಳಿಯೇ ಕಾರಣವಲ್ಲ. ಹಾವಿನ ದಪ್ಪಕ್ಕಿಂತ ಬಹಳ ದಪ್ಪನಾದ ಇಲಿಯನ್ನು ಕೊಡುವುದು, ಹಿಮ ಕರಗಿ ಒಳಗಿನವರೆಗೂ ಬೆಚ್ಚಗಾಗುವುದಕ್ಕೆ ಮುಂಚೆ ಕೊಡುವುದು, ಅಡಗಲು ಮರೆಯಿಲ್ಲದೆ ಹಾವು ಸದಾ ಹೆದರಿಕೊಂಡಿರುವುದು, ಹೊಟ್ಟೆಯ ಹುಳುಗಳು, ಇವೂ ಉಂಟು. ಎಲ್ಲಕ್ಕಿಂತ ಭಯಂಕರವಾದುದು ಕ್ರಿಪ್ಟೊಸ್ಪೊರಿಡಿಯಂ ಎಂಬ ಸೂಕ್ಷ್ಮಜೀವಿಯ ರೋಗ. ಇದರಲ್ಲಿ ಜಠರದ ಗೋಡೆ ದಪ್ಪವಾಗಿ ಮೈಯ ನಡುವೆ ಗಂಟಿನಂತೆ ಊದಿಕೊಳ್ಳುವುದು. ತಿಂದುದೆಲ್ಲ ಪದೇ ಪದೇ ಹಿಂದಕ್ಕೆ ಬರುವುದು. ಹಾವು ಸೊರಗಿ ಸಾಯುವುದು. ಒಂದರಿಂದ ಇನ್ನೊಂದಕ್ಕೆ ಹರಡುವುದು, ನಂಬತಕ್ಕ ಔಷಧವಿಲ್ಲ. ಆದುದರಿಂದ ಉಷ್ಣತೆ ಮೊದಲಾದುವೆಲ್ಲ ಸರಿಯಾಗಿದ್ದೂ ಹಾವು ಮತ್ತೆ ಮತ್ತೆ ಕಕ್ಕಿದರೆ ಮನೆಯ ಉಪಚಾರದಲ್ಲಿ ಕಾಲ ಕಳೆಯದೆ ಮಲವನ್ನು ಪರೀಕ್ಷೆಮಾಡಿಸಬೇಕು. ಒಂದು ಸಲ ಏನೂ ಕಾಣದಿದ್ದರೆ ರೋಗವೇ ಇಲ್ಲವೆಂದು ನಿಶ್ಚಿಂತರಾಗಲೂ ಆಗದು. ಜೋಳಪ್ಪನ ಮೈಯಲ್ಲಿ ಗಂಟೇನೂ ಇರಲಿಲ್ಲ. ಪರೀಕ್ಷೆಯಲ್ಲಿಯೂ ಏನೂ ಸಿಕ್ಕಲಿಲ್ಲ.

ಮನೆಗೆ ಬಂದವರೇ ಪೆಟ್ಟಿಗೆಯನ್ನು ಹುಡುಗನ ಕೊಠಡಿಗೆ ಹಿಂದಿರುಗಿಸಿದೆವು. ನಾವಿಬ್ಬರು ಹಜಾರಕ್ಕೆ ಹಾಸಿಗೆ ಸಾಗಿಸಿದೆವು. ಸೊಂಟಕ್ಕೆ ಸ್ವಲ್ಪ ಕಷ್ಟವಾಯಿತೆನ್ನದೆ ಹೋದರೆ ಸುಳ್ಳಾಗುವುದು. ಹಳೆಯ ಹಾಸನ್ನೆಲ್ಲ ಎಸೆದು, ಪೆಟ್ಟಿಗೆಯನ್ನೂ ನೀರಿನ ಬಟ್ಟಲನ್ನೂ ತೊಳೆದು, ಬೆಚ್ಚಗಿನ ಕಡೆ ಒಂದು, ತಂಪಿನ ಕಡೆ ಒಂದು, ಹೀಗೆ ಎರಡು ಮರೆಗಳನ್ನಿಟ್ಟೆವು. ಬೆಚ್ಚಗಿನ ಕಡೆ 85 ಡಿಗ್ರಿಯೂ ತಂಪಿನ ಕಡೆ 75 ಡಿಗ್ರಿಯೂ ನಿಂತಿತು. ಹಾವು ತನಗೆ ಬೇಕಾದ ಕಡೆಗೆ ತಾನೇ ಸರಿಯುವುದು. ಒಂದೇ ಸಮನಾಗಿ ಎಲ್ಲ ಕಡೆಯೂ ಕಾಯಿಸುವುದು ತಪ್ಪು. ಪೆಟ್ಟಿಗೆಯನ್ನು ಮುಟ್ಟಿದವರೆಲ್ಲ ಸಾಬೂನಿನಿಂದ ಕೈ ತೊಳೆಯತಕ್ಕದ್ದೆಂದು ಮಗಳು ಕಟ್ಟುಮಾಡಿದಳು. ನೋಡಲು ಆರೋಗ್ಯವಾಗಿರುವ ಹಾವಿನಿಂದಲೂ ಸಾಲ್ಮೊನೆಲಾ ಎಂಬ ಬ್ಯಾಕ್ಟೀರಿಯವು ಮನುಷ್ಯರಿಗೆ ತಗಲುವುದುಂಟು. ಆದುದರಿಂದ ಅಡಿಗೆಮನೆಯ ಬಚ್ಚಲಲ್ಲಿ ಹಾವಿನ ಪಾತ್ರೆಯನ್ನು ತೊಳೆಯಕೂಡದು.

ಆ ಎರಡು ವಾರಗಳು ಹಾವಿಗಿಂತ ನಮಗೆ ಕಠಿನವಾಗಿದ್ದುವು. ಪ್ರತಿದಿನ ನೀರು ಬದಲಾಯಿಸುವುದಲ್ಲದೆ ಮಾಡತಕ್ಕ ಕೆಲಸವೇ ಇಲ್ಲ. ಎತ್ತಿ ನೋಡುವಂತಿಲ್ಲ, ವಾರಕ್ಕೊಂದು ಸಲ ಡಬ್ಬಿಯಲ್ಲಿ ಬಿಟ್ಟು ತೂಗುವುದೊಂದೇ ರಿಯಾಯಿತಿ. ಮೊದಲ ವಾರ 81 ಗ್ರಾಂ, ಎರಡನೆಯ ವಾರ 80. “ಇಷ್ಟು ದಿವಸ ಹಸಿವಿನಲ್ಲಿ ಇಡೋದು ಪಾಪ ಅಲ್ಲವೆ?” ಎಂದು ಅಜ್ಜಿ ಒಂದು ರಾತ್ರಿ ನನ್ನನ್ನು ಕೇಳಿದಳು. ಜ್ವರ ಬಂದ ಮಗುವಿಗೆ ನಮ್ಮ ತಾಯಂದಿರು ಗಂಜಿಯ ತಿಳಿಯಲ್ಲಿಯೇ ದಿನ ಕಳೆಯಿಸುತ್ತಿದ್ದುದನ್ನು ನೆನಪುಮಾಡಿಕೊಟ್ಟೆನು. ಆಕೆ ಒಪ್ಪಿದಳೋ ಇಲ್ಲವೋ ತಿಳಿಯದು.

ಹದಿನೈದನೆಯ ದಿನ ಹುಡುಗನು ಇನ್ನೂ ಕೂದಲು ಹುಟ್ಟದ, ಹೆಬ್ಬೆರಳ ತುದಿಯಷ್ಟೇ ಇರುವ ಇಲಿಮರಿಯೊಂದನ್ನು ಬೆಚ್ಚಗೆಮಾಡಿ ಕೊಟ್ಟನು. ವಾಡಿಕೆಯ ಊಟದ ಕಾಲು ಭಾಗವೂ ಅಲ್ಲ. ಪೆಟ್ಟಿಗೆಯ ಮೇಲೆ ಬಟ್ಟೆ ಹೊದಿಸಿ ಎಲ್ಲರೂ ಹೊರಗೆ ಬಂದೆವು. ಮೂರು ಬೆಳಗುಗಳಲ್ಲಿಯೂ ಅವನು ಏಳುವುದಕ್ಕೆ ಮುಂಚೆ ನಾನು ಬಾಗಿಲ ಬಳಿ ನಿಂತು ವಾಸನೆ ನೋಡಿ ಬರುತ್ತಿದ್ದೆನು. ಏನೂ ಇರಲಿಲ್ಲ. ಆರನೆಯ ದಿನ ಹಾಸಿನ ಮೇಲೆ ಹಾವಿನ ಹಿಕ್ಕೆ ಕಾಣಿಸಿತು. ತುತ್ತು ಜೀರ್ಣವಾಗಿ ಕರುಳನ್ನು ದಾಟಿತೆಂಬುದಕ್ಕೆ ಅದಕ್ಕಿಂತ ಬೇರೆ ಪ್ರಮಾಣವೇನು? ಹುಡುಗನು ಮನೆಯೆಲ್ಲ ಕೂಗಿ ಸಾರಿದನು. ಮಲದ ಸುದ್ದಿಯನ್ನು ಅಷ್ಟು ಸಂತೋಷದಿಂದ ನಾವು ಕೇಳಿದ್ದು ಅವನು ಕೈಗೂಸಾಗಿದ್ದಾಗಲೇ ಇರಬೇಕು. ಎಂಟು ದಿನಕ್ಕೆ ಅಂಥದೇ ಇನ್ನೊಂದು, ಮತ್ತೆ ಎಂಟು ದಿನಕ್ಕೆ ಸ್ವಲ್ಪ ದೊಡ್ಡದು. ಹೀಗೆ ಮೆಟ್ಟಲು ಮೆಟ್ಟಲಾಗಿ ಏರಬೇಕೇ ಹೊರತು ಒಮ್ಮೆಗೆ ಹಳೆಯ ಊಟಕ್ಕೆ ಹಾರಬಾರದು. ನಾವು ಹೊರಡುವ ದಿನ ತೂಕವು 87 ಗ್ರಾಂ.

ಊರಿಗೆ ಬಂದ ಮೇಲೆ ಒಂದು ಸಂಗತಿಯನ್ನು ಕಂಡೆನು. ನಮ್ಮ ಬೀದಿಯ ತೋಟವೊಂದರಲ್ಲಿ ಕಪ್ಪೆಯನ್ನು ನುಂಗಿ ಮಲಗಿದ್ದ ಕೇರೆಹಾವನ್ನು ಜನರು ಕೋಲಿನಿಂದ ತಿವಿದು ಕಕ್ಕಿಸಿ, ಅದನ್ನೊಂದು ತಮಾಷೆಯೆಂದು ಚಿತ್ರ ತೆಗೆಯುತ್ತಿದ್ದರು. ಹೊಟ್ಟೆಯ ಭಾರವನ್ನಿಳಿಸಿದರೆ ಓಡಿ ಪ್ರಾಣ ಉಳಿಸಿಕೊಳ್ಳಬಹುದೆಂದು ಹಾವು ಹಾಗೆ ಮಾಡುವುದು. ಹಿಂದೆ ನಾನೂ ನಿಂತು ನೋಡುತ್ತಿದ್ದೆನೋ ಏನೋ. ಈಗ ಎಲ್ಲರನ್ನೂ ಬೈದು ಕಳುಹಿಸಿದೆನು.

ಮೊನ್ನೆ ಮೊಮ್ಮಗನು ಫೋನುಮಾಡಿದಾಗ ಅಜ್ಜಿ ಅವನ ಪರೀಕ್ಷೆಯ ವಿಷಯಕ್ಕೆ ಮುಂಚೆ, “ಜೋಳಪ್ಪ ಊಟ ಮಾಡಿದನೇನೋ?” ಎಂದು ಕೇಳಿದಳು.

“ಶನಿವಾರ ಮಾಡಿದ, ಅಜ್ಜಿ. ನೂರಾ ಮೂರು ಗ್ರಾಂ ಆಗಿದಾನೆ. ಭಾನುವಾರ ಯಾರೋ ನೆಂಟರು ಬರ್ತೀವಿ ಅಂದರು. ಅಮ್ಮ ಬುಧವಾರ ಬನ್ನಿ ಅಂತ ಹೇಳಿದಾಳೆ.”